ಮೂವತ್ತಾರನೆಯ ತಲೆ

ಟೋಲ್ವಿಕ್, ನಾರ್ತ್ ಡಕೋಟಾ
12 ಜನವರಿ 1987

ಪ್ರಿಯ ಆರ್ಡಿಸ್ ಅವರಿಗೆ,

ನಿಮ್ಮ ಮನೆ ಕ್ಷೇಮವಾಗಿದೆ. ನಲ್ಲಿಯ ಕೊಳವೆಗಳು ಇನ್ನೂ ಹೆಪ್ಪುಗಟ್ಟಿಲ್ಲ. ಎರಡು ದಿನಕ್ಕೊಮ್ಮೆ ಬೇಲಿ ದಾಟಿ ಹೋಗಿ ನಿಮ್ಮ ಕಾರು ಚಾಲೂ ಮಾಡುತ್ತೇನೆ, ಅದು ಕೆಮ್ಮಿ ಮುಗಿಸುವವರೆಗೆ ಒಳಗೇ ಕೂತಿರುತ್ತೇನೆ. ಕಿಟಕಿಯ ಜೆರೇನಿಯಂ ಗಿಡಕ್ಕೆ ನೀವು ಹೇಳಿದ ಅಳತೆಯಲ್ಲೇ ನೀರು ಹಾಕುತ್ತಿದ್ದೇನೆ. ಹೂ ಬಿಡುವ ಯೋಚನೆ ಅದಕ್ಕೆ ಇದ್ದಂತಿಲ್ಲ.

ಊರಿನ ಸುದ್ದಿ ಒಂದಿದೆ. ಮುದುಕ ಗುಸ್ತಾವ್ ಮೊಣಕಾಲು ಸೋತು ಕೆಫೆಗೆ ಬೀಗ ಹಾಕಿದ ಮೇಲೆ ನಾವೆಲ್ಲ ಬೆಳಗ್ಗೆ ಅಗ್ನಿಶಾಮಕ ಠಾಣೆಯಲ್ಲಿ ಸೇರುತ್ತಿದ್ದೇವೆ ಎಂದು ಬರೆದಿದ್ದೆನಲ್ಲ. ಅಲ್ಲಿ ಕಾಫಿ ಮಾಡುವವನು ಕ್ಲಿಫರ್ಡ್ ಶಾಟ್ಸ್. ಮೊದಲು ದಾಳ ಉರುಳಿಸಿ ಸೋತವನು ಎಲ್ಲರ ಕಾಫಿಗೆ ದುಡ್ಡು ಕೊಡುತ್ತಿದ್ದ. ಈಗ ಸೋತವನು ಆ ಕಾಫಿಯನ್ನು ಕುಡಿಯಬೇಕು. ಇದು ಹೀಗೇ ಮುಂದುವರಿದರೆ ಊರು ಹಾಳಾಗುತ್ತದೆ ಎಂದು ಎಲ್ಲರಿಗೂ ಅನ್ನಿಸಿತು. ಆದ್ದರಿಂದ ಕೆಫೆಯನ್ನು ನಾವೇ ಕೊಳ್ಳುವುದೆಂದು ತೀರ್ಮಾನವಾಗಿದೆ. ಊರವರೆಲ್ಲ ಸೇರಿ ಒಂದು ಕಂಪನಿ, ಒಂದು ಷೇರಿಗೆ ಐದುನೂರು ಡಾಲರು. ನಾನೇ ಕಾರ್ಯದರ್ಶಿ. ಮೂವತ್ತೆಂಟು ವರ್ಷ ಅಂಚೆ ಹಂಚಿದವನಿಗೆ ಯಾವ ಬಾಗಿಲಲ್ಲಿ ಯಾವ ನಾಯಿ ಇದೆ ಎಂದು ಗೊತ್ತಿರುತ್ತದೆ ಅನ್ನುವುದು ಅವರ ತರ್ಕ.

ಪಟ್ಟಿ ಹಿಡಿದು ಮನೆಮನೆಗೆ ಹೋದೆ. ನಮ್ಮವರು ನಿಮಗೆ ಗೊತ್ತಲ್ಲ, ನಾರ್ವೆಯಿಂದ ಅಜ್ಜಂದಿರು ಹಡಗು ಹತ್ತುವಾಗ ಬೇರೆಲ್ಲ ಬಿಟ್ಟುಬಂದರೂ ಈ ಶಿಷ್ಟಾಚಾರವೊಂದನ್ನು ಗಂಟುಕಟ್ಟಿ ತಂದರು: ಏನೇ ಕೊಡಲು ಬಂದರೂ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಹೂಂ. ಮೊದಲ ಸುತ್ತಿನಲ್ಲಿ ಸಹಿ ಮಾಡಿದವರು ಜರ್ಮನ್ ಮನೆಯವರು ನಾಲ್ವರು ಮಾತ್ರ. "ನಮಗ್ಯಾಕಪ್ಪ, ಬೇರೆಯೋರಿಗೆ ಕೊಡಿ" ಎಂದರು ಉಳಿದವರು. ಎರಡನೆಯ ಸುತ್ತಿನಲ್ಲೂ ಅದೇ ರಾಗ. ಇಷ್ಟು ಜನ ಒಲ್ಲದಿದ್ದರೆ ಕೆಫೆ ಎಲ್ಲಿಂದ ಬಂತು ಎಂದು ಹೆದರಿ, ಪಕ್ಕದ ಹಳ್ಳಿಯಲ್ಲೂ ಕೇಳಿಬಂದೆ. ಮೂರನೆಯ ಸುತ್ತಿಗೆ ಎಲ್ಲರೂ ಒಮ್ಮೆಗೇ ಸಹಿ ಮಾಡಿದರು. ಪಕ್ಕದ ಹಳ್ಳಿಯವರೂ. ಈಗ ಪಟ್ಟಿ ಉದ್ದವಾಗಿದೆ.

ನಿಮ್ಮ ಹೆಸರಿಲ್ಲದೆ ಅದು ಪಟ್ಟಿಯೇ ಅಲ್ಲ. ನಿಮ್ಮ ಯಜಮಾನರು ಹೆರಾಲ್ಡ್ ತೀರಿಕೊಂಡ ವರ್ಷದಿಂದ ಆ ಅಡುಗೆಮನೆಯಲ್ಲಿ ಹಣ್ಣು ತುಂಬಿದ ಪೈ ಮಾಡಿದವರು ನೀವು. ಒಂದು ಷೇರು ತೆಗೆದುಕೊಳ್ಳುತ್ತೀರಾ? ಮತ್ತೆ, ಊರಿಗೆ ಯಾವಾಗ ಬರುತ್ತೀರಿ? ಇದನ್ನು ಕೇಳುತ್ತಿರುವುದು ಗಿಡದ ಪರವಾಗಿ.

ನಿಮ್ಮ ನೆರೆಯವ,
ಸೆಲ್ಮರ್ ಓಸ್ಟ್‌ಬಿ


ಪೋರ್ಟ್‌ಲೆಂಡ್, ಆರೆಗನ್
21 ಜನವರಿ 1987

ಪ್ರಿಯ ಸೆಲ್ಮರ್ ಅವರಿಗೆ,

ಬೇಡ, ಬೇಡ, ನನಗ್ಯಾಕೆ ಷೇರು, ಬೇರೆ ಯಾರಿಗಾದರೂ ಕೊಡಿ.

ಇದು ಮೊದಲನೆಯದು. ನೀವು ಮತ್ತೆ ಬರೆದು, ನಾನು ಮತ್ತೆ ಬೇಡವೆಂದು, ಸುಮ್ಮನೆ ಅಂಚೆ ಚೀಟಿಯ ದಂಡ. ಆದ್ದರಿಂದ ಎರಡನೆಯದನ್ನೂ ಇಲ್ಲೇ ಹೇಳಿಬಿಡುತ್ತೇನೆ: ಛೇ, ಬೇಡಪ್ಪ. ಈಗ ಮೂರನೆಯ ಸಲ ನೀವು ಕೇಳಿದಿರಿ ಎಂದುಕೊಂಡು ಚೆಕ್ಕು ಇಟ್ಟಿದ್ದೇನೆ.

ಇಲ್ಲಿ ಮಳೆ. ಹಿಮಕ್ಕಾದರೆ ಒಂದು ಮರ್ಯಾದೆ ಇದೆ, ಬೀಳುತ್ತದೆ, ನಿಲ್ಲುತ್ತದೆ. ಈ ಮಳೆ ಮನೆಗೆ ಬಂದ ನೆಂಟ ಎದ್ದು ಹೋಗದೆ ಕೂತ ಹಾಗೆ. ಮೊಮ್ಮಗು ಚೆನ್ನಾಗಿದೆ. ರಾತ್ರಿಯನ್ನು ಹಗಲೆಂದುಕೊಂಡಿದೆ, ಅಷ್ಟೆ. ಮಗಳು ಮಾರ್ಲಿಸ್ ಹಿಂದಿನ ಕೋಣೆಗೆ ಹಳದಿ ಪರದೆ ಹೊಲಿಸಿದ್ದಾಳೆ. "ಅಮ್ಮಾ, ಈ ಬಣ್ಣ ನಿಂಗಿಷ್ಟ ಅಲ್ವಾ?" ಎಂದು ಕೇಳಿದಳು. ಇಷ್ಟ ಎಂದೆ. ನಿನ್ನೆ ಅದೇ ಕೋಣೆಗೆ ಒಂದು ಕುರ್ಚಿಯೂ ಬಂತು.

ಅಳಿಯನಿಗೆ ಲೆಫ್ಸೆ ರೊಟ್ಟಿ ಮಾಡಿಕೊಡೋಣವೆಂದರೆ ಈ ಊರಿನಲ್ಲಿ ಗೀರುಗೀರಿನ ಲಟ್ಟಣಿಗೆ ಸಿಗುವುದಿಲ್ಲ. ನುಣ್ಣನೆಯದರಲ್ಲಿ ಲಟ್ಟಿಸಿದರೆ ಆಲೂಗಡ್ಡೆ ಹಿಟ್ಟು ಅಂಟಿಕೊಂಡು ನಕ್ಷೆಯಲ್ಲಿರುವ ಯಾವುದೋ ದೇಶದ ಆಕಾರಕ್ಕೆ ಬರುತ್ತದೆ. ನನ್ನದು ಒಲೆಯ ಪಕ್ಕದ ಎರಡನೆಯ ಖಾನೆಯಲ್ಲಿದೆ. ಅಂಚೆಯಲ್ಲಿ ಕಳಿಸುತ್ತೀರಾ?

ಊರಿಗೆ ಯಾವಾಗ ಬರುತ್ತೇನೆಂದು ಗಿಡಕ್ಕೆ ಏನು ಹೇಳಲಿ? ಇನ್ನೂ ತಿಳಿಯದು ಎನ್ನಿ. ಅದಕ್ಕೆ ಕೇಳುವುದಿದ್ದರೆ ಅದೇ ಬರೆಯಲಿ.

ಆರ್ಡಿಸ್


ಟೋಲ್ವಿಕ್
2 ಫೆಬ್ರವರಿ 1987

ಪ್ರಿಯ ಆರ್ಡಿಸ್ ಅವರಿಗೆ,

ಚೆಕ್ಕು ತಲುಪಿತು. ಎರಡು ಬೇಡ, ಒಂದು ಹೂಂ, ಮೂರನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದವರು ಈ ಜಿಲ್ಲೆಯ ಇತಿಹಾಸದಲ್ಲಿ ನೀವೊಬ್ಬರೇ. ಲಟ್ಟಣಿಗೆಯೂ ಸಿಕ್ಕಿತು. ಆದರೆ ಅದನ್ನು ಅಂಚೆಗೆ ಹಾಕಲಾರೆ. ಪಾರ್ಸೆಲುಗಳನ್ನು ನಾವು ಹೇಗೆ ಎಸೆಯುತ್ತಿದ್ದೆವು ಎಂದು ನನಗೆ ಗೊತ್ತು.

ಗುರುವಾರ ಸಭೆ ನಡೆಯಿತು. ಜಿಲ್ಲಾ ಕೇಂದ್ರದಿಂದ ಬರ್ನಡೆಟ್ ಫೋಕ್ ಎಂಬ ಲೆಕ್ಕಪರಿಶೋಧಕಿಯನ್ನು ಕರೆಸಿದ್ದೆವು. ಚುರುಕು ಹುಡುಗಿ, ಜರ್ಮನ್ ಮನೆತನ. ಕಾಫಿ ಬೇಕಾ ಎಂದರೆ ಮೊದಲ ಸಲಕ್ಕೇ ಬೇಕು ಎಂದುಬಿಟ್ಟಳು. ನಮ್ಮವರು ಮುಖಮುಖ ನೋಡಿಕೊಂಡರು.

ಅವಳು ಎದ್ದು ನಿಂತು ಹೇಳಿದಳು: "ನೋಡಿ, ಎರಡು ದಾರಿ ಇದೆ. ಮಾಮೂಲಿ ಕಂಪನಿ ಆದ್ರೆ ಲಾಭದ ಮೇಲೆ ಮೊದ್ಲು ಕಂಪನಿನೇ ತೆರಿಗೆ ಕಟ್ಟುತ್ತೆ. ಉಳಿದಿದ್ದನ್ನ ನಿಮಗೆ ಹಂಚಿದ್ರೆ, ಅದಕ್ಕೆ ನೀವು ಮತ್ತೆ ಕಟ್ಬೇಕು. ಒಂದೇ ಪೈನಲ್ಲಿ ಸರ್ಕಾರ ಎರಡು ಸಲ ತುಂಡು ಕತ್ತರಿಸ್ಕೊಂಡ ಹಾಗೆ. ಎಸ್ ಕಾರ್ಪೊರೇಷನ್ ಅಂತ ಬರ್ಸ್ಕೊಂಡ್ರೆ ಕೆಫೆ ಆ ತೆರಿಗೆ ಕಟ್ಟೋ ಹಾಗಿಲ್ಲ. ವರ್ಷದ ಲಾಭನ ನಿಮ್ಮ ನಿಮ್ಮ ಪಾಲಿನ ಪ್ರಕಾರ ನಿಮ್ಮ ಸ್ವಂತ ತೆರಿಗೆ ಲೆಕ್ಕದಲ್ಲಿ ನೀವೇ ತೋರಿಸ್ತೀರಿ. ಅಲ್ಲಿಗೆ ಮುಗೀತು, ಒಂದೇ ಸಲ."

ಕ್ಲಿಫರ್ಡ್ ಕೈ ಎತ್ತಿದ. "ದುಡ್ಡು ಗಲ್ಲಾದಲ್ಲೇ ಇದ್ರೂನಾ?"

"ಗಲ್ಲಾದಲ್ಲೇ ಇದ್ರೂ."

"ಅಲ್ಲಮ್ಮ, ನನ್ನ ಕೈಗೇ ಬರ್ದಿರೋ ದುಡ್ಡಿಗೆ ನಾನ್ಯಾಕೆ ತೆರಿಗೆ ಕಟ್ಲಿ?"

"ಅದಕ್ಕೇ ಹೇಳೋದು, ತೆರಿಗೆಗೆ ಆಗೋಷ್ಟಾದ್ರೂ ವರ್ಷಾ ವರ್ಷಾ ಹಂಚ್ಕೊಳ್ಳಿ ಅಂತ."

"ನಷ್ಟ ಆದ್ರೆ?"

"ಅದೂ ನಿಮ್ಮ ಪಾಲಿಗೇ ಬರುತ್ತೆ."

ಕ್ಲಿಫರ್ಡ್ ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡ. ಅವನು ಕೆಫೆಗೆ ದೊಡ್ಡ ಫ್ರಿಜ್ಜು ಕೊಡುತ್ತಿದ್ದಾನೆ, ಅದಕ್ಕೆ ತನಗೆ ವಿಶೇಷ ಷೇರು ಬೇಕು, ಲಾಭ ಬಂದಾಗ ಮೊದಲ ಪಾಲು ತನ್ನದಾಗಬೇಕು ಎಂಬುದು ಅವನ ಆಸೆ. ಹಾಗಾಗುವುದಿಲ್ಲ, ಎಸ್ ಕಂಪನಿಯಲ್ಲಿ ಎಲ್ಲಾ ಷೇರೂ ಒಂದೇ ದರ್ಜೆಯದು, ಪಂಕ್ತಿಯಲ್ಲಿ ಮೇಲೆ ಕೆಳಗೆ ಇಲ್ಲ ಎಂದಳು. ಗಡಿಯಾಚೆ ಮ್ಯಾನಿಟೋಬಾದಲ್ಲಿರುವ ತನ್ನ ಭಾವಮೈದನ ಹೆಸರು ಸೇರಿಸಿ ಎಂದ. ಅದೂ ಇಲ್ಲ, ಈ ದೇಶದ ಪ್ರಜೆಯಾಗಿರಬೇಕು, ಇಲ್ಲವೇ ಇಲ್ಲಿ ವಾಸವಿರಬೇಕು. ಧಾನ್ಯದ ಸಹಕಾರಿ ಸಂಘವೂ ಒಂದು ಷೇರು ಕೇಳಿತ್ತು. ಸಂಘ, ಕಂಪನಿಗಳಿಗೆ ಪ್ರವೇಶವಿಲ್ಲ, ಮನುಷ್ಯರೇ ಬೇಕು. ತಪ್ಪಿ ಅನರ್ಹ ಒಬ್ಬ ಒಳಗೆ ಬಂದರೂ ಇಡೀ ಕೆಫೆ ಮಾಮೂಲಿ ಕಂಪನಿಯಾಗಿಬಿಡುತ್ತದಂತೆ. ಇನ್ನೊಂದು, ಷೇರುದಾರರು ಅಲ್ಲೇ ಕೆಲಸವನ್ನೂ ಮಾಡಿದರೆ ನ್ಯಾಯವಾದ ಸಂಬಳ ಕೊಡಲೇಬೇಕಂತೆ. ಅಂದರೆ ನಿಮ್ಮ ಪೈಗಳಿಗೆ ಇನ್ನು ಮುಂದೆ ಗುಸ್ತಾವ್ ಕೊಡುತ್ತಿದ್ದ ಪುಡಿಗಾಸು ಸಾಲದು. ಇದನ್ನು ಕೇಳಿ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಆಮೇಲೆ ಮುಜುಗರವಾಯಿತು.

ಕೊನೆಗೆ ಕಲ್ಲು ಸಿಕ್ಕಿದ್ದು ಲೆಕ್ಕದಲ್ಲಿ. ಮೂವತ್ತೈದಕ್ಕಿಂತ ಹೆಚ್ಚು ಷೇರುದಾರರು ಇರುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಇದ್ದರೆ ಕಾನೂನು ಅವರನ್ನು ಒಂದೇ ತಲೆಯೆಂದು ಎಣಿಸುತ್ತದೆ. ನಮ್ಮಲ್ಲಿ ನಲವತ್ತೇಳು ಹೆಸರು, ಹನ್ನೊಂದು ಜೋಡಿ, ಜೋಡಿಗೆ ಒಂದೇ ಷೇರು. ಬರ್ನಡೆಟ್ ಎರಡು ಸಲ ಎಣಿಸಿದಳು. ಮೂವತ್ತಾರು ತಲೆ. ಒಂದು ಹೆಚ್ಚು.

"ಯಾರಾದ್ರೂ ಒಬ್ರು ಬಿಟ್ಕೊಡ್ತೀರಾ?" ಎಂದು ಕೇಳಿದಳು. ಪಾಪ, ನಮ್ಮವರ ಬಗ್ಗೆ ಅವಳಿಗೇನು ಗೊತ್ತು? ಇಡೀ ಸಭೆ ಎದ್ದು ನಿಂತಿತು. "ನಂದು ತೆಗೀರಿ." "ಇಲ್ಲ ಇಲ್ಲ, ನಂದು." "ನೀವು ಕೂತ್ಕೊಳ್ಳಿ, ನಂಗೆ ಷೇರು ಯಾಕೆ, ನಾನು ಸಾಯೋ ಮುದುಕ." ಎಲ್ಲರೂ ಬಿಟ್ಟುಕೊಡುವವರೇ ಆದಾಗ ಯಾರ ಹೆಸರನ್ನು ಹೊಡೆಯುವುದು? ಅವರು ನಿಜವಾಗಿ ಹೇಳಿದರೋ ಮರ್ಯಾದೆಗೆ ಹೇಳಿದರೋ ತಿಳಿಯಲು ಇನ್ನೆರಡು ಸುತ್ತು ಕೇಳಬೇಕಿತ್ತು. ಕೂತೇ ಇದ್ದವನು ಕ್ಲಿಫರ್ಡ್ ಒಬ್ಬ.

ಆಗ ಬರ್ನಡೆಟ್ ತಲೆಗೆ ಕೈ ಹಚ್ಚಿ, "ಪಟ್ಟಿಲಿರೋ ಇಬ್ರು ಒಂಟಿಗಳು ಮದ್ವೆ ಆಗ್ಬಿಡಿ, ಲೆಕ್ಕ ಸರಿಹೋಗುತ್ತೆ" ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ನೋಡಿದೆ. ನಾನು ಒಂಟಿ, ನೀವೂ ಒಂಟಿ, ನಡುವೆ ಇರುವುದು ಒಂದು ಬೇಲಿ. ತೆರಿಗೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಯಾರಿಗೂ ನಷ್ಟವಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ. ಷೇರು ಬರೆಯುವುದು ಮಾರ್ಚ್ ಎರಡಕ್ಕೆ.

ಕ್ಲಿಫರ್ಡನ ಫ್ರಿಜ್ಜು ಬಂತು. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ನಿಮ್ಮ ನೆರೆಯವ,
ಸೆಲ್ಮರ್


ಪೋರ್ಟ್‌ಲೆಂಡ್
9 ಫೆಬ್ರವರಿ 1987

ಶ್ರೀ ಸೆಲ್ಮರ್ ಓಸ್ಟ್‌ಬಿ, ಕಾರ್ಯದರ್ಶಿಗಳಿಗೆ,

ನಿಮ್ಮ ಪತ್ರ ತಲುಪಿತು. ನನ್ನ ಅಭಿಪ್ರಾಯ ಕೇಳಿದ್ದೀರಿ. ಬೇಡ.

ನಿಮ್ಮ ಕಷ್ಟಕ್ಕೆ ಸುಲಭವಾದ ಪರಿಹಾರವಿದೆ. ನನ್ನ ಹೆಸರು ಹೊಡೆದುಹಾಕಿ. ಮೂವತ್ತಾರರಲ್ಲಿ ಒಂದು ಹೋದರೆ ಮೂವತ್ತೈದು, ಇದಕ್ಕೆ ಲೆಕ್ಕಪರಿಶೋಧಕಿ ಬೇಕಿಲ್ಲ. ಐದುನೂರು ಡಾಲರನ್ನು ಅವಸರವಿಲ್ಲದೆ ಕಳಿಸಿ.

ಮದುವೆಯೆಂದರೆ ಏನೆಂದು ನನಗೆ ಗೊತ್ತು, ಇಪ್ಪತ್ತೇಳು ವರ್ಷ ಮಾಡಿ ನೋಡಿದವಳು ನಾನು. ಹೆರಾಲ್ಡ್ ಬಹಳ ಮಾತಿನವನಲ್ಲ, ಆದರೂ ಕೇಳುವಾಗ ಟೋಪಿ ತೆಗೆದು ಕೇಳಿದ. ನೀವು ಅದನ್ನು ಮ್ಯಾನಿಟೋಬಾದ ಭಾವಮೈದನಿಗೂ ಮುಚ್ಚದ ಫ್ರಿಜ್ಜಿಗೂ ನಡುವೆ ತುರುಕಿದ್ದೀರಿ. ಪತ್ರ ಓದುವಾಗ ಮಾರ್ಲಿಸ್ ಬಂದು, "ಯಾಕಮ್ಮ, ಏನಾಯ್ತು?" ಎಂದಳು. ಈರುಳ್ಳಿ ಹೆಚ್ಚುತ್ತಿದ್ದೆ ಎಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಮಗಳು ನನ್ನನ್ನು ಇಲ್ಲೇ ಇದ್ದುಬಿಡು ಎನ್ನುತ್ತಿದ್ದಾಳೆ. ಹಳದಿ ಪರದೆಯ ಕೋಣೆ ನನ್ನದೇ ಎಂದು ಈಗ ಬಾಯಿಬಿಟ್ಟು ಹೇಳಿದ್ದಾಳೆ. ಟೋಲ್ವಿಕ್ಕಿನ ಮನೆ ಮಾರುವ ಮಾತೂ ಬಂತು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಕಾರು ಇನ್ನು ಚಾಲೂ ಮಾಡದಿದ್ದರೂ ಪರವಾಗಿಲ್ಲ.

ಆರ್ಡಿಸ್ ಲಿಂಡ್ವಿಗ್


ಟೋಲ್ವಿಕ್
14 ಫೆಬ್ರವರಿ 1987

ಆರ್ಡಿಸ್ ಅವರಿಗೆ,

ನಿಮ್ಮ ಹೆಸರು ಹೊಡೆದಿಲ್ಲ. ಹೊಡೆಯುವುದೂ ಇಲ್ಲ. ಬೇರೊಬ್ಬರ ಹೆಸರು ಹೋಗಿದೆ, ಅವರು ಸಂತೋಷದಿಂದಲೇ ಬಿಟ್ಟುಕೊಟ್ಟರು. ಈಗ ಮೂವತ್ತೈದೇ ತಲೆ.

ಇದರ ಜೊತೆ ಒಪ್ಪಿಗೆಯ ಅರ್ಜಿ ಇಟ್ಟಿದ್ದೇನೆ. ಎಸ್ ಕಂಪನಿಯಾಗಲು ಷೇರುದಾರರು ಪ್ರತಿಯೊಬ್ಬರೂ ಸಹಿ ಹಾಕಬೇಕು, ಒಂದು ಸಹಿ ಕಡಿಮೆಯಾದರೂ ಆಗುವುದಿಲ್ಲ. ನಾನು ಗೆರೆ ಎಳೆದಿರುವ ಕಡೆ ಹಾಕಿ ಕಳಿಸಿ. ಮನೆಯನ್ನು ಮಾರಿದರೂ, ಇಟ್ಟುಕೊಂಡರೂ, ಕೆಫೆಯಲ್ಲಿ ನಿಮ್ಮ ಪಾಲು ಇರಲಿ. ಅದು ನಿಮ್ಮದು.

ಗೇಣುದ್ದ ಹಿಮ ಬಿದ್ದಿದೆ. ಕಾರು ಚಾಲೂ ಮಾಡುತ್ತಲೇ ಇದ್ದೇನೆ. ಬೇಡವೆಂದಿದ್ದೀರಿ, ಆದರೆ ಅದು ಕಾರಿನ ತಪ್ಪಲ್ಲ.

ಹೋದ ಪತ್ರದಲ್ಲಿ ನಾನು ಬರೆದದ್ದು ಹೇಳಬೇಕಾದ ರೀತಿಯಲ್ಲಿ ಇರಲಿಲ್ಲ. ಕ್ಷಮಿಸಿ. ಮತ್ತೆ ನಿಮಗೆ ತೊಂದರೆ ಕೊಡುವುದಿಲ್ಲ.

ಸೆಲ್ಮರ್


ಪೋರ್ಟ್‌ಲೆಂಡ್
24 ಫೆಬ್ರವರಿ 1987

ಸೆಲ್ಮರ್,

ಬರ್ನಡೆಟ್ಟಳಿಗೆ ಫೋನು ಮಾಡಿದ್ದೆ. ದೂರದ ಕರೆಗೆ ಎಷ್ಟಾಗುತ್ತದೆಂದು ಮಾರ್ಲಿಸ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು, ನೋಡಲಿ. ಅರ್ಜಿಗೆ ಸಹಿ ಹಾಕುವ ಮೊದಲು ಹೊಸ ಪಟ್ಟಿಯನ್ನು ಓದಿ ಹೇಳು ಎಂದೆ. ಅವಳು ಎ, ಬಿ, ಸಿ ಸಾಲಿಗೆ ಓದಿದಳು. ನೆಲ್ಸನ್ ಆಯಿತು, ಆಮೇಲೆ ಪೆಡರ್ಸನ್ ಬಂತು. ಎನ್ ಮತ್ತು ಪಿ ಮಧ್ಯೆ ಓ ಅಕ್ಷರದವರೊಬ್ಬರು ಇರಬೇಕಿತ್ತಲ್ಲ ಎಂದೆ. ಅವಳು ಹಾಳೆ ಮಗುಚಿದ ಸದ್ದು ಕೇಳಿಸಿತು. ಆಮೇಲೆ, "ನಿಮಗೆ ಹೇಳ್ಬೇಡ ಅಂದಿದಾರೆ" ಎಂದಳು. ಜರ್ಮನ್ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ, ಪುಣ್ಯ.

ನಿನ್ನ ಹೆಸರೇ ಹೊಡೆದುಕೊಂಡೆಯಾ, ಮಾರಾಯ? ಆ ಕೆಫೆಯ ಮೂಲೆಯ ಸ್ಟೂಲು ನಿನ್ನ ಆಕಾರಕ್ಕೇ ತಗ್ಗಾಗಿದೆ. ಹಿಮದಲ್ಲಿ ಮೂರು ಸುತ್ತು ತಿರುಗಿ ಪಟ್ಟಿ ಮಾಡಿದವನು ನೀನು. ಈಗ ಊರವರೆಲ್ಲ ಯಜಮಾನರು, ನೀನೊಬ್ಬ ಗಿರಾಕಿ. ಬಡಿಸಿದವನಿಗೆ ಎಲೆಯೇ ಇಲ್ಲ! ನನಗೆ ಎಷ್ಟು ಕೋಪ ಬಂತೆಂದರೆ ಮಗುವನ್ನು ಎತ್ತಿಕೊಂಡು ಮನೆಯೆಲ್ಲ ಓಡಾಡಿದೆ. ಅದು ನಗತೊಡಗಿತು. ಆಮೇಲೆ ನನಗೂ ತಡೆಯಲಾಗಲಿಲ್ಲ.

ಈಗ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಕಾಫಿಯನ್ನು ಎಷ್ಟು ಸಲ ಕೇಳುತ್ತಿದ್ದರು? ನಿಮ್ಮಮ್ಮ ನನಗೆ ಗೊತ್ತು, ಅವರು ಮೂರನೆಯ ಸಲ ಕೇಳದೆ ಯಾರನ್ನೂ ಬಾಗಿಲು ದಾಟಿಸಿದವರಲ್ಲ. ಎರಡು ಸಲ ಬೇಡವೆಂದ ಜನರ ಬಾಗಿಲಿಗೆ ಮೂರನೆಯ ಸಲ ಹೋದವನು ನೀನೇ ಅಲ್ಲವೇ? ಐದುನೂರು ಡಾಲರಿನ ಷೇರಿಗೆ ಮೂರು ಸಲ. ನನಗೆ ಒಂದೇ ಸಲ, ಅದೂ ತೆರಿಗೆಯ ದೃಷ್ಟಿಯಿಂದ. ಆಮೇಲೆ "ಮತ್ತೆ ತೊಂದರೆ ಕೊಡುವುದಿಲ್ಲ" ಎಂದು ಬರೆಯುತ್ತೀಯ. ಯಾರು ಬೇಡವೆಂದರು ತೊಂದರೆ?

ನಾನು ಬೇಡವೆಂದದ್ದು ಒಂದೇ ಸಲ ಸೆಲ್ಮರ್. ಎಣಿಸಿ ನೋಡು. ಎಣಿಕೆಯಲ್ಲಿ ನೀವೆಲ್ಲ ಈಗ ಪಳಗಿದ್ದೀರಲ್ಲ.

ಸಹಿ ಹಾಕಿದ ಅರ್ಜಿ ಇದರಲ್ಲಿದೆ.

ಆರ್ಡಿಸ್


ಟೋಲ್ವಿಕ್
3 ಮಾರ್ಚ್ 1987

ಪ್ರಿಯ ಆರ್ಡಿಸ್,

ನಿನ್ನ ಪತ್ರವನ್ನು ಅಂಚೆ ಕಚೇರಿಯಲ್ಲೇ ಒಡೆದು ಓದಿದೆ. ಈಗಿನ ಅಂಚೆಯ ಹುಡುಗ, "ಸೆಲ್ಮರಣ್ಣ, ಕೂತ್ಕೋತೀರಾ? ನೀರು ಬೇಕಾ?" ಎಂದು ಕೇಳಿದ. ಬೇಡ ಎಂದೆ. ಮತ್ತೆ ಕೇಳಿದ, ಬೇಡ ಎಂದೆ. ಮೂರನೆಯ ಸಲ ಕೇಳಲಿಲ್ಲ. ಆ ಹುಡುಗ ಮಿನ್ನೆಸೋಟಾ ಕಡೆಯ ಯಾವುದೋ ಪೇಟೆಯವನು. ಬಾಯಾರಿಕೆಯಲ್ಲೇ ಮನೆಗೆ ಬಂದೆ.

ನಿನ್ನೆ ಷೇರು ಬರೆದಾಯಿತು, ಕೆಫೆಯ ಕೀಲಿಕೈ ಬಂತು, ಅರ್ಜಿಯೂ ಹೊರಟಿತು. ಸಹಿಗಳೆಲ್ಲ ಇವೆ. ನಿನ್ನದು ಎಲ್ಲರಿಗಿಂತ ಒತ್ತಿ ಬರೆದದ್ದು, ಹಿಂದಿನ ಹಾಳೆಗೂ ಇಳಿದಿದೆ. ಇವತ್ತು ಬೆಳಗ್ಗೆ ಮೊದಲ ಕಾಫಿ ಇಳಿಸಿದಾಗ ಕಿಟಕಿಗಳಿಗೆಲ್ಲ ಹಬೆ ಹತ್ತಿ ಹೊರಗಿನ ಹಿಮ ಕಾಣಲಿಲ್ಲ. ದಾಳ ಉರುಳಿಸಿದೆವು. ಕ್ಲಿಫರ್ಡ್ ಸೋತ. "ನಾನೇ ಯಜಮಾನ, ನಾನ್ಯಾಕೆ ದುಡ್ಡು ಕೊಡ್ಲಿ?" ಎಂದ. "ಕೊಡಪ್ಪ, ಅದ್ರಲ್ಲಿ ಮೂವತ್ತೈದರಲ್ಲಿ ಒಂದು ಪಾಲು ನಿಂಗೇ ವಾಪಸ್ ಬರುತ್ತೆ, ಅದಕ್ಕೆ ತೆರಿಗೆನೂ ಬರುತ್ತೆ" ಎಂದು ಎಲ್ಲರೂ ಕೂಗಿದರು. ಹೆಸರು ಹೊಡೆದುಕೊಂಡವನು ನಾನೆಂದು ಊರಿಗೆಲ್ಲ ಗೊತ್ತಾಗಿದೆ. ಒಬ್ಬೊಬ್ಬರೇ ಬಂದು ತಮ್ಮ ಷೇರನ್ನು ನನಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನಾನು ಬೇಡ ಎನ್ನುತ್ತಿದ್ದೇನೆ. ಮೂರನೆಯ ಸಲ ಕೇಳುವ ಮೊದಲೇ ಎದ್ದು ಹೊರಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ಇದರ ಮುಂದೆ ಫ್ರಿಜ್ಜು ಇಲ್ಲ, ಭಾವಮೈದ ಇಲ್ಲ.

ನನಗೆ ರೂಬಾರ್ಬ್ ಪೈ ಸೇರುವುದಿಲ್ಲ. ಆ ಹುಳಿ ದಂಟನ್ನು ಕಂಡರೆ ಚಿಕ್ಕಂದಿನಿಂದ ಆಗದು. ನೀನು ಮೊದಲ ದಿನ ಅಡುಗೆಮನೆಯಿಂದ ಹೊರಗೆ ಬಂದು ತಟ್ಟೆ ನನ್ನ ಮುಂದಿಟ್ಟಾಗ ಅದೇ ಇತ್ತು. ಹನ್ನೆರಡು ವರ್ಷ ದಿನಾ ಅದನ್ನೇ ಕೇಳಿ ತಿಂದೆ, ಯಾಕೆಂದರೆ ರೂಬಾರ್ಬ್ ಮಾತ್ರ ನೀನೇ ಬಡಿಸುತ್ತಿದ್ದೆ. ಸೇಬಿನದನ್ನು ಗುಸ್ತಾವ್ ಬಡಿಸುತ್ತಿದ್ದ. ನನ್ನದು ಅರವತ್ತಾರು ವರ್ಷದ ಬ್ರಹ್ಮಚರ್ಯ, ಈ ಮಾತುಗಳಲ್ಲಿ ಅಭ್ಯಾಸವಿಲ್ಲ. ಆವತ್ತು ಸಭೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದ್ದು ಲೆಕ್ಕಕ್ಕಾಗಿ ಅಲ್ಲ, ನನಗಿಂತ ಮೊದಲೇ ಅವರಿಗೆಲ್ಲ ಗೊತ್ತಿದ್ದರಿಂದ. ಪಟ್ಟಿಯಿಂದ ಹೆಸರು ತೆಗೆಸಿದ್ದು ತ್ಯಾಗವೂ ಅಲ್ಲ. ಮುಂದೆ ಎಂದಾದರೂ ನಿನ್ನನ್ನು ಕೇಳುವ ಧೈರ್ಯ ಬಂದರೆ, ತಲೆ ಎಣಿಕೆಗಾಗಿ ಕೇಳಿದ ಎಂದು ನೀನು ಅಂದುಕೊಳ್ಳಬಾರದು. ಈಗ ಎಣಿಕೆ ಸರಿಯಾಗಿದೆ. ನೀನು ಹೂಂ ಎಂದರೂ ಕೆಫೆಗೆ ಒಂದು ಪೈಸೆ ಲಾಭವಿಲ್ಲ. ಲಾಭವೆಲ್ಲ ನನಗೊಬ್ಬನಿಗೇ.

ಆರ್ಡಿಸ್, ನನ್ನನ್ನು ಮದುವೆಯಾಗುತ್ತೀಯಾ? ಟೋಲ್ವಿಕ್ಕಿನಲ್ಲಾದರೂ ಸರಿ, ಆ ಮಳೆಯಲ್ಲಾದರೂ ಸರಿ.

ಇದು ಎರಡನೆಯ ಸಲ. ನನಗೆ ವಾಪಸು ಬಂದ ಐದುನೂರು ಡಾಲರಿನಲ್ಲಿ ರೈಲಿನ ಟಿಕೆಟ್ಟು ಕೊಂಡಿದ್ದೇನೆ, ಒಂದು ಹೊಸ ಟೋಪಿಯನ್ನೂ. ತೆಗೆಯಲು ಬೇಕಲ್ಲ. ರೈಲು ಹನ್ನೊಂದನೇ ತಾರೀಖು ಬುಧವಾರ ಬೆಳಗ್ಗೆ ಪೋರ್ಟ್‌ಲೆಂಡಿಗೆ ಬರುತ್ತದೆ. ಮೂರನೆಯ ಸಲ ಅಲ್ಲಿ ಕೇಳುತ್ತೇನೆ. ಲಟ್ಟಣಿಗೆಯನ್ನು ಕೈಯಲ್ಲೇ ತರುತ್ತೇನೆ.

ಸೆಲ್ಮರ್

ಗಿಡ ಹೂ ಬಿಟ್ಟಿದೆ. ಕೆಂಪು.


ಪೋರ್ಟ್‌ಲೆಂಡ್
6 ಮಾರ್ಚ್ 1987

ಪ್ರಿಯ ಸೆಲ್ಮರ್,

ಬೇಡ.

ಇದು ಎರಡನೆಯದು. ಈಗ ನನ್ನ ಕಡೆಯಿಂದಲೂ ಲೆಕ್ಕ ಚುಕ್ತಾ.

ರೂಬಾರ್ಬ್ ವಿಷಯ ನನಗೆ ಮೊದಲ ವಾರವೇ ಗೊತ್ತಿತ್ತು. ಪ್ರತಿ ತುತ್ತಿಗೂ ನಿನ್ನ ಎಡ ಹುಬ್ಬು ಕುಣಿಯುತ್ತದೆ. ಅದಕ್ಕೇ ನಿನ್ನ ತುಂಡಿಗೆ ಮೇಲಿಂದ ಒಂದು ಹಿಡಿ ಸಕ್ಕರೆ ಹಾಕುತ್ತಿದ್ದೆ. ಆದರೂ ಎಷ್ಟು ದಿನ ತಿನ್ನುತ್ತೀಯೋ ನೋಡೋಣವೆಂದುಕೊಂಡೆ. ಹನ್ನೆರಡು ವರ್ಷ ತಿನ್ನುತ್ತೀಯ ಎಂದು ನನಗೇನು ಗೊತ್ತು, ಬಡಪಾಯಿ! ಇನ್ನು ಮೇಲೆ ನಿನಗೆ ಸೇಬಿನದು.

ನಿನ್ನ ಪತ್ರವನ್ನು ಮಾರ್ಲಿಸಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ ನನ್ನ ಕೈಗೇ ವಾಪಸು ಕೊಟ್ಟಳು. ಆಮೇಲೆ ಕುರ್ಚಿ ಹತ್ತಿ ಹಳದಿ ಪರದೆಗಳನ್ನು ಕಳಚಿ ಮಡಿಸತೊಡಗಿದಳು. "ಇವನ್ನೂ ತಗೊಂಡ್ಹೋಗಮ್ಮ, ನಿಮ್ಮ ಅಡುಗೆಮನೆ ಕಿಟಕಿಗೆ ಸರಿಯಾಗುತ್ತೆ" ಎಂದಳು. ಇಬ್ಬರೂ ಅತ್ತೆವು, ಈರುಳ್ಳಿಯ ನೆಪ ಬೇಕಾಗಲಿಲ್ಲ. ಬೇಸಿಗೆಗೆ ಮಗುವನ್ನು ಕರೆದುಕೊಂಡು ಬರುತ್ತಾಳಂತೆ.

ಬರ್ನಡೆಟ್ಟಳಿಗೆ ಮತ್ತೆ ಫೋನು ಮಾಡಿದೆ. ಮದುವೆಯಾದ ಮೇಲೆ ನನ್ನ ಷೇರಿನ ಅರ್ಧ ನಿನ್ನ ಹೆಸರಿಗೆ ಬರೆದರೆ ಏನಾಗುತ್ತದೆ ಎಂದು ಕೇಳಿದೆ. "ಏನೂ ಆಗಲ್ಲ. ನೀವಿಬ್ರೂ ಒಂದೇ ತಲೆ, ಮೂವತ್ತೈದು ಮೂವತ್ತೈದಾಗೇ ಇರುತ್ತೆ" ಎಂದಳು. ನಿನ್ನ ಸ್ಟೂಲಿಗೆ ನೀನೂ ಯಜಮಾನನಾಗುತ್ತೀಯ, ಅರ್ಧಕ್ಕೆ. ಅರ್ಧ ಲಾಭ ನಿನ್ನದು, ಅರ್ಧ ತೆರಿಗೆ ನಿನ್ನದು, ಮುಚ್ಚದ ಫ್ರಿಜ್ಜಿನಲ್ಲೂ ಅರ್ಧ. ಎರಡು ಹಟಮಾರಿ ತಲೆಗಳನ್ನು ಸರ್ಕಾರ ಒಂದೆಂದು ಬರೆದುಕೊಳ್ಳುತ್ತದಂತೆ. ಬರೆದುಕೊಳ್ಳಲಿ, ಜೊತೆಗಿದ್ದು ನೋಡುವವರು ಅವರಲ್ಲವಲ್ಲ.

ಆದರೆ ಇದನ್ನು ನಿಲ್ದಾಣದಲ್ಲಿ ಎತ್ತಬೇಡ. ಅಲ್ಲಿ ತೆರಿಗೆಯ ಸುದ್ದಿ ಒಂದಕ್ಷರವೂ ಬರಕೂಡದು. ಬುಧವಾರ ಬೆಳಗ್ಗೆ ಗಡಿಯಾರದ ಗೋಪುರದ ಕೆಳಗೆ ನೀಲಿ ಕೋಟು ಹಾಕಿಕೊಂಡು ನಿಂತಿರುತ್ತೇನೆ. ಮಳೆ ಬರುತ್ತಿರುತ್ತದೆ, ಆದರೂ ಟೋಪಿ ತೆಗೆ. ಲಟ್ಟಣಿಗೆಯನ್ನು ಮೊದಲು ನನ್ನ ಕೈಗೆ ಕೊಟ್ಟುಬಿಡು. ಆಮೇಲೆ ಕೇಳು, ಕೇಳಿ ಸುಮ್ಮನೆ ನಿಂತಿರು. ಮೂರನೆಯ ಸಲಕ್ಕೆ ಏನು ಹೇಳಬೇಕೆಂದು ನಮ್ಮಮ್ಮ ನನಗೆ ಕಲಿಸಿದ್ದಾಳೆ.

ನಿನ್ನ
ಆರ್ಡಿಸ್